ಬಾಣಂತಿ ಕೋಣೆಯ ಕಿಟಕಿ

ಬಾಗೂರಿನಲ್ಲಿ ಬಾಣಂತನದ ಮಾತೆದ್ದರೆ ಶಿವಗಂಗಮ್ಮನ ಹೆಸರು ಬರದೇ ಇರುತ್ತಿರಲಿಲ್ಲ. ಓರಗಿತ್ತಿಯರದು, ನಾದಿನಿಯದು, ಎದುರು ಮನೆ ಸೊಸೆಯದು, ಕೊನೆಗೆ ಗಂಡನ ದಿನಸಿ ಅಂಗಡಿಗೆ ಮೂಟೆ ಇಳಿಸಲು ಬರುತ್ತಿದ್ದ ಟೆಂಪೋ ಡ್ರೈವರನ ಹೆಂಡತಿಯದೂ ಅವಳೇ ಮಾಡಿದ್ದಳು. ಆಗ ಅವಳು ಸುತ್ತಿ ಮಲಗಿಸಿದ ಕೂಸುಗಳು ಈಗ ಮೀಸೆ ತಿರುವಿಕೊಂಡು ಬೈಕಿನಲ್ಲಿ ಅಡ್ಡಾಡುತ್ತವೆ. ಇಂಥವಳ ಒಬ್ಬಳೇ ಮಗಳು ಮಾನ್ಯ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದು, ಚನ್ನರಾಯಪಟ್ಟಣದಲ್ಲಿ ಗಂಡುಮಗು ಹೆತ್ತು ಮನೆಗೆ ಬಂದ ಮೇಲೆ ಶಿವಗಂಗಮ್ಮ ಯಾರ ಮಾತು ಕೇಳಿಯಾಳು? ದೇವರೇ ಬಂದು ಹೇಳಿದ್ದರೂ, ಮೊದಲು ಬಾಗಿಲು ಹಾಕಿಕೊಂಡು ಒಳಗೆ ಬಾ ತಂದೆ, ಗಾಳಿ ಬರುತ್ತೆ ಅನ್ನುತ್ತಿದ್ದಳು.

ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದಕ್ಕೆ ಕರೀ ಕಂಬಳಿ ಇಳಿಬಿಟ್ಟು ನಾಲ್ಕೂ ಮೂಲೆಗೆ ಮೊಳೆ ಹೊಡೆಸಿದ್ದಳು. ಬಾಗಿಲಿನ ಸಂದಿಗೆ ಹಳೇ ಸೀರೆ ತುರುಕಿದ್ದಳು. ಫ್ಯಾನಿನ ಸ್ವಿಚ್ಚಿನ ಮೇಲೆ ಅಂಗಡಿಯಿಂದ ತಂದ ಅಗಲದ ಟೇಪು ಅಂಟಿಸಿದ್ದಳು. ಮಂಚದ ಕೆಳಗೆ ಹಳೇ ಬಾಂಡಲೆಯಲ್ಲಿ ಕೆಂಡ, ಕೆಂಡದ ಮೇಲೆ ಹೊತ್ತುಹೊತ್ತಿಗೆ ಸಾಂಬ್ರಾಣಿ. ಮಾನ್ಯಳಿಗೆ ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಕಟ್ಟಿದ ಸ್ಕಾರ್ಫು, ಕಾಲಿಗೆ ಕಾಲುಚೀಲ. ಕೂಸಿಗೆ ಒಳಗೊಂದು ಅಂಗಿ, ಮೇಲೊಂದು ಉಲ್ಲನ್ ಸ್ವೆಟರು, ತಲೆಗೆ ಕುಲಾವಿ, ಅದರ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಶಾಲು. ಕಣ್ಣು ಮೂಗು ಬಾಯಿ ಬಿಟ್ಟರೆ ಮಗು ಎಲ್ಲಿದೆ ಅಂತ ಹುಡುಕಬೇಕಿತ್ತು.

ಹಾಸನ ಜಿಲ್ಲೆಯನ್ನು ಬಡವರ ಊಟಿ ಅಂತ ಕರೆದವನು ಆ ಚೈತ್ರಮಾಸದಲ್ಲಿ ಬಾಗೂರಿಗೆ ಬಂದಿದ್ದರೆ ಜನ ಹಿಡಿದು ಬಡಿಯುತ್ತಿದ್ದರು. ಯುಗಾದಿ ಕಳೆದರೂ ಒಂದು ಹನಿ ಮಳೆ ಬಿದ್ದಿರಲಿಲ್ಲ. ಕಾಗೆಗಳು ಬಾಯಿ ಕಳೆದುಕೊಂಡು ತೆಂಗಿನ ಗರಿಯ ನೆರಳಲ್ಲಿ ಕೂತಿರುತ್ತಿದ್ದವು. ಬೀದಿ ನಾಯಿಗಳು ಚರಂಡಿ ಬಿಟ್ಟು ಏಳುತ್ತಿರಲಿಲ್ಲ. ಮಹಡಿ ಮೇಲಿನ ಟ್ಯಾಂಕಿನ ನೀರು ಕಾಯಿಸದೇ ಕೈ ಸುಡುತ್ತಿತ್ತು. ಆದರೂ ಶಿವಗಂಗಮ್ಮ ಬಾಣಂತಿ ನೀರಿಗೆ ಒಲೆ ಉರಿ ಹಾಕುವುದನ್ನು ಬಿಡಲಿಲ್ಲ. ಅವಳ ಗಂಡ ಈಶ್ವರಯ್ಯ ಹಳೇ ಹೆಂಚಿನ ಮನೆ ಕೆಡವಿಸಿ ಊರವರೆಲ್ಲ ತಿರುಗಿ ನೋಡುವಂಥ ಆರ್‌ಸಿಸಿ ಮನೆ ಕಟ್ಟಿಸಿದ್ದ. ಬಾಣಂತಿ ಕೋಣೆ ಪಡುವಣ ದಿಕ್ಕಿಗಿತ್ತು. ಮಧ್ಯಾಹ್ನವಾಯಿತೆಂದರೆ ಗೋಡೆ ಕಾದು, ಸೂರು ಕಾದು, ಒಳಗೆ ಕಾಲಿಟ್ಟವರಿಗೆ ಉಸಿರು ಕಟ್ಟುತ್ತಿತ್ತು.

"ಅವ್ವಾ, ಒಂದೇ ಒಂದು ಲೋಟ ತಣ್ಣೀರು ಕೊಡವ್ವ. ನಾಲ್ಗೆ ಅಂಟ್ಕತಾ ಐತೆ," ಅನ್ನುವಳು ಮಾನ್ಯ.

"ಬಾಣ್ತಿ ತಣ್ಣೀರು ಕುಡುದ್ರೆ ಉಳೀತಾಳೇನೆ? ಬಿಸ್ನೀರೈತೆ, ಎಲ್ಡು ಗುಟುಕು ಕುಡಿ. ಒಟ್ಟೆ ದಪ್ಪ ಆಯ್ತದೆ, ಜಾಸ್ತಿ ಬ್ಯಾಡ."

ಇದು ಬರೀ ಹಟ ಅಂದುಕೊಂಡರೆ ತಪ್ಪು. ಶಿವಗಂಗಮ್ಮ ಲಂಗ ಉಡುವ ಹುಡುಗಿಯಾಗಿದ್ದಾಗ ಅವಳ ಅಕ್ಕ ಹಸೀ ಬಾಣಂತಿ, ಯಾರಿಗೂ ಹೇಳದೆ ಎದ್ದು ಹೋಗಿ ಗುಡಾಣದಿಂದ ಚೊಂಬು ತಣ್ಣೀರು ಮೊಗೆದು ಕುಡಿದದ್ದನ್ನು ಕಣ್ಣಾರೆ ಕಂಡಿದ್ದಳು. ಮಾರನೇ ದಿನ ಅಕ್ಕನಿಗೆ ಮೈ ಸುಡುವ ಜ್ವರ. ಬಾಯಿಗೆ ಬಂದದ್ದನ್ನು ಬಡಬಡಿಸಿ, ತಾಯಿಯ ಗುರುತನ್ನೂ ಮರೆತು, ಆ ವಾರದಲ್ಲೇ ಹೋಗಿಬಿಟ್ಟಳು. ಬಾಣಂತಿ ಸನ್ನಿ ಅಂದರು ಜನ, ತಣ್ಣೀರು ಕುಡಿದದ್ದೇ ಕಾರಣ ಅಂದರು. ನೀರಿನಿಂದ ಹಾಗಾಯಿತೋ, ಸೂಲಗಿತ್ತಿಯ ತುಕ್ಕು ಹಿಡಿದ ಕುಡುಗೋಲಿನಿಂದ ಆಯಿತೋ, ಹೇಳುವವರು ಯಾರಿದ್ದರು? ಹುಡುಗಿಯ ಎದೆಯಲ್ಲಿ ಮಾತ್ರ ಆ ಭಯ ಹೊಕ್ಕು ಕೂತುಬಿಟ್ಟಿತು. ತಣ್ಣೀರು ಕಂಡರೆ ಭಯ, ಗಾಳಿ ಬೀಸಿದರೆ ಭಯ. ಇಷ್ಟು ಜನರ ಬಾಣಂತನವನ್ನು ಅವಳು ಪ್ರೀತಿಯಿಂದ ಮಾಡಿದಳೋ ಭಯದಿಂದ ಮಾಡಿದಳೋ ಅವಳಿಗೇ ಬಿಡಿಸಿ ಹೇಳಲು ಬರುತ್ತಿರಲಿಲ್ಲ.

ಈಶ್ವರಯ್ಯ ಒಂದೆರಡು ಸಲ ಬಾಗಿಲ ಹತ್ತಿರ ಬಂದು ನೋಡಿದ. "ಲೇ ಗಂಗಾ, ಒಳೀಕ್ ಕಾಲಿಕ್ಕಕಾಯ್ತಿಲ್ಲ ಕಣೆ. ಒಸಿ ಫ್ಯಾನ್ ಆಕು."

"ನೀವು ಅಂಗ್ಡಿ ನೋಡ್ಕಳಿ. ಗಂಡಸ್ರಿಗ್ಯಾಕೆ ಬಾಣ್ತಿ ಉಸಾಬರಿ?"

ಬೇಳೆ ತೂಗುವಾಗ ಗಿರಾಕಿಗಳ ಜತೆ ಜೋರು ಬಾಯಿ ಮಾಡುವ ಈಶ್ವರಯ್ಯನ ಬಾಯಿಗೆ ಹೆಂಡತಿಯ ಮುಂದೆ ಮಾತ್ರ ಬೀಗ. ಟವೆಲಿನಿಂದ ಕತ್ತು ಒರೆಸಿಕೊಂಡು ಅಂಗಡಿಗೆ ಹೋಗಿಬಿಡುತ್ತಿದ್ದ. ಅರಕಲಗೂಡಿನಿಂದ ಅಳಿಯ ಚಂದ್ರಮೌಳಿ ಫೋನು ಮಾಡಿ, "ಅತ್ತೆ, ಈ ಬಿಸ್ಲಲ್ಲಿ ಮಗೂಗೆ ಒಸಿ ಗಾಳಿ ಬೇಡ್ವಾ?" ಅಂತ ಮೆಲ್ಲಗೆ ಕೇಳಿದರೆ, "ಅದೆಲ್ಲ ನಾನು ನೋಡ್ಕತೀನಿ ಕಣಪ್ಪಾ, ನೀವು ನಿಶ್ಚಿಂತೆಯಾಗಿರಿ" ಅಂತ ಜೇನಿನಂಥ ಮಾತಾಡಿ ಫೋನಿಡುತ್ತಿದ್ದಳು.

ಅವಳು ಹೆದರುತ್ತಿದ್ದದ್ದು ಒಬ್ಬಳಿಗೇ, ಆಶಾ ಕಾರ್ಯಕರ್ತೆ ಸ್ಪಂದನಾಗೆ. ಬಾಣಂತಿ, ಮಗು ಹೇಗಿದ್ದಾರೆ ಅಂತ ನೋಡಲು ಆ ಹುಡುಗಿ ಸ್ಕೂಟಿಯಲ್ಲಿ ಬರುತ್ತಿದ್ದಳು. ಸ್ಕೂಟಿಯ ಸದ್ದು ಬೀದಿ ತಿರುವಿನಲ್ಲಿ ಕೇಳಿದ್ದೇ ತಡ, ಶಿವಗಂಗಮ್ಮ ಕಂಬಳಿಯನ್ನು ಮೊಳೆಯಿಂದ ಬಿಡಿಸಿ ಕಿಟಕಿ ತೆರೆಯುವಳು, ಕೆಂಡದ ಬಾಂಡಲೆ ಬಚ್ಚಲಿಗೆ ದಾಟಿಸುವಳು, ಕೂಸಿನ ಸ್ವೆಟರು ಬಿಚ್ಚಿ ದಿಂಬಿನ ಅಡಿಗೆ ತುರುಕುವಳು, ಟೇಪು ಕಿತ್ತು ಫ್ಯಾನು ಹಾಕುವಳು. ಸ್ಪಂದನಾ ಒಳಗೆ ಬಂದರೆ ಎಲ್ಲವೂ ಸೊಗಸು. "ಚೆನ್ನಾಗ್ ನೋಡ್ಕತಿದೀರ ಕಣ್ರಮ್ಮ," ಅಂದು ಅವಳು ಹೋದ ಕೂಡಲೇ ಮತ್ತೆ ಕಂಬಳಿ, ಮತ್ತೆ ಕೆಂಡ. ಆ ಸ್ವಲ್ಪ ಹೊತ್ತು ಮಾನ್ಯ ತಿರುಗುವ ಫ್ಯಾನನ್ನೇ ದೇವರನ್ನು ನೋಡುವಂತೆ ನೋಡುತ್ತ ಮಲಗಿರುತ್ತಿದ್ದಳು. ಸ್ಪಂದನಾಳ ಮುಂದೆ ಹೆತ್ತ ತಾಯಿಯ ಮಾನ ಕಳೆಯಲು ಅವಳಿಗೂ ಬಾಯಿ ಬರುತ್ತಿರಲಿಲ್ಲ.

ಆ ದಿನ ಸ್ಪಂದನಾ ಬೆಳಿಗ್ಗೆಯೇ ಬಂದಳು. ಬಂದವಳು ಬೇಗ ಏಳಲಿಲ್ಲ. ಮಗುವನ್ನು ತೂಕಕ್ಕೆ ಹಾಕಿ ಹುಬ್ಬು ಗಂಟಿಕ್ಕಿದಳು. "ತೂಕ ಒಸಿ ಇಳ್ದದೆ. ಹಾಲು ಸಾಲ್ತಿಲ್ಲ ಅನ್ಸುತ್ತೆ. ಮಾನ್ಯಾ, ನೀರು ಚೆನ್ನಾಗಿ ಕುಡಿತಿದ್ಯಾ?" ಅಂದಳು. ಮಾನ್ಯ ತಾಯಿಯ ಮುಖ ನೋಡಿ, ಹೂಂ ಅಂದಳು. ಇಷ್ಟು ಹೊತ್ತೂ ಫ್ಯಾನು ಗಿರ್ರೆಂದು ತಿರುಗುತ್ತಲೇ ಇತ್ತು, ಕಿಟಕಿಯಿಂದ ಗಾಳಿ ಬರುತ್ತಲೇ ಇತ್ತು. ಶಿವಗಂಗಮ್ಮ ಮುಖದಲ್ಲಿ ನಗು ಇಟ್ಟುಕೊಂಡು ನಿಂತಿದ್ದಳು. ಈ ಹುಡುಗಿ ಇವತ್ತು ನನ್ನ ಕೂಸಿಗೆ ಏನಾದರೂ ಮಾಡಿಟ್ಟೇ ಹೋಗುತ್ತಾಳೆ ಅಂತ ಅವಳಿಗೆ ಅನ್ನಿಸಿಬಿಟ್ಟಿತು.

ಸ್ಪಂದನಾ ಹೋದಳು. ಕಿಟಕಿ ಮುಚ್ಚಿತು, ಸ್ವೆಟರು ಏರಿತು. ಅಷ್ಟರಲ್ಲಿ ಕರೆಂಟೂ ಹೋಯಿತು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಶಿವಗಂಗಮ್ಮ ಮಗುವಿನ ಕೆನ್ನೆ ಮುಟ್ಟಿ ನೋಡಿ ಬೆಚ್ಚಿಬಿದ್ದಳು. ಕೆನ್ನೆ ಸುಡುತ್ತಿತ್ತು.

"ಅಯ್ಯೋ ಶಿವನೇ, ಜ್ವರ ಬಂದ್ಬುಡ್ತಲ್ಲೇ! ನೋಡ್ದಾ, ಆ ಫ್ಯಾನಿನ್ ಗಾಳಿ! ಶೀತ ಒಳೀಕ್ ಸೇರ್ಕಂಡ್ಬುಡ್ತು."

"ಅವ್ವಾ, ಸೆಕೆಗೆ ಮೈ ಬಿಸಿಯಾಗಿರ್ಬೌದು. ಶಾಲು ಬಿಚ್ಚವ್ವ," ಅಂದಳು ಮಾನ್ಯ. ಬೆಳಿಗ್ಗೆಯಿಂದ ಅವಳಿಗೂ ತಲೆ ಸಿಡಿಯುತ್ತಿತ್ತು, ಕಣ್ಣು ಬಿಟ್ಟರೆ ಕೋಣೆ ಸುತ್ತುತ್ತಿತ್ತು.

"ನೀ ಸುಮ್ಕಿರು. ನಿಂಗೇನ್ ಗೊತ್ತು?"

ಭಯ ಬಿದ್ದವಳು ಗೊತ್ತಿರುವುದನ್ನೇ ಇನ್ನಷ್ಟು ಮಾಡಿದಳು. ಪೆಟ್ಟಿಗೆ ತೆಗೆದು ಮದುವೆಯಲ್ಲಿ ಬಂದಿದ್ದ ದಪ್ಪ ಶಾಲು ತಂದು ಇನ್ನೊಂದು ಸುತ್ತು ಸುತ್ತಿದಳು. ಅದು ಜಾರದಂತೆ ಸೀರೆ ಅಂಚಿನಿಂದ ಗಂಟು ಹಾಕಿದಳು. ಕೆಂಡ ಊದಿ ಸಾಂಬ್ರಾಣಿ ಹಾಕಿದಳು. ಮಗು ಸಣ್ಣಗೆ ಅತ್ತಿತು, ಮತ್ತೆ ಅತ್ತಿತು, ಆಮೇಲೆ ಬರೀ ಬಾಯಿ ತೆರೆಯಿತು, ಸದ್ದು ಬರಲಿಲ್ಲ. ಕೊನೆಗೆ ಸುಮ್ಮನಾಯಿತು. "ನೋಡು, ಬೆಚ್ಚಗಾಯ್ತು, ಮಲಿಕ್ಕಂಡ್ಬುಡ್ತು," ಅಂದ ಶಿವಗಂಗಮ್ಮನ ಜೀವಕ್ಕೆ ಎಷ್ಟೋ ಸಮಾಧಾನವಾಯಿತು. ಬಾಣಂತಿ ಸಾರಿಗೆ ಮೆಣಸು ಕುಟ್ಟಲು ಅಡುಗೆ ಮನೆಗೆ ಹೋದಳು.

ಮೆಣಸು ಕುಟ್ಟಿದಳು, ಬೆಳ್ಳುಳ್ಳಿ ಸುಲಿದಳು, ಸಾರು ಕುದಿಸಿದಳು. ತಟ್ಟೆ ಹಿಡಿದು ಬಂದಾಗ ಮಾನ್ಯ ಗೋಡೆಗೆ ಒರಗಿ ಅರೆಗಣ್ಣಾಗಿದ್ದಳು. ಮಗು ಬಿಟ್ಟ ಜಾಗದಲ್ಲಿ ಹಾಗೇ ಇತ್ತು. ಒದ್ದೆ ಬಟ್ಟೆ ಬದಲಿಸೋಣ ಅಂತ ಶಿವಗಂಗಮ್ಮ ಕೈ ಹಾಕಿದಳು. ಬಟ್ಟೆ ಒಣಗಿತ್ತು. ಸ್ಪಂದನಾ ಬರುವ ಮೊದಲು ಹಾಕಿದ್ದ ಬಟ್ಟೆ ಅದು, ಒಂದು ಸಲವೂ ಒದ್ದೆಯಾಗಿರಲಿಲ್ಲ.

ಅಲ್ಲಿಗೂ ಅವಳಿಗೆ ಹೊಳೆಯಲಿಲ್ಲ. ಹಾಲು ಕುಡಿಸೋಣ ಅಂತ ಮಗುವನ್ನೆತ್ತಿ ಮಾನ್ಯಳ ಎದೆಗೆ ಕೊಟ್ಟಳು. ಬಾಯಿ ತೆರೆಯಲಿಲ್ಲ. ತುಟಿಗೆ ಬೆರಳಿಟ್ಟಳು. ತುಟಿ ಒಣಗಿ ಸುಲಿದಿತ್ತು. ನೆತ್ತಿಗೆ ಬಜೆ ಹಚ್ಚೋಣ ಅಂತ ಕುಲಾವಿ ತೆಗೆದಳು. ತೆಗೆದ ಕೈ ಅಲ್ಲೇ ನಿಂತಿತು. ಮಗುವಿನ ನೆತ್ತಿ ಒಳಕ್ಕೆ ಕುಸಿದು ಗುಳಿ ಬಿದ್ದಿತ್ತು. ನೆತ್ತಿ ಗುಳಿ ಬಿದ್ದರೆ ಏನರ್ಥ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ವಾಂತಿಭೇದಿಯಾಗಿ ನೀರು ನಿಲ್ಲದ ಮಕ್ಕಳಲ್ಲಿ ಅದನ್ನು ನೋಡಿದ್ದಳು, ಆ ಮಕ್ಕಳಲ್ಲಿ ಎಲ್ಲವೂ ಉಳಿದಿರಲಿಲ್ಲ.

ಅವಳು ಕೂಗಿದ ಕೂಗು ಅಂಗಡಿಯವರೆಗೆ ಕೇಳಿತು.

ಅಂಗಡಿ ಮುಂದೆ ನೆರಳಲ್ಲಿ ಆಟೋ ನಿಲ್ಲಿಸಿಕೊಂಡಿದ್ದ ಶಿವಕುಮಾರ ಉಂಡ ಕೈ ತೊಳೆಯದೆ ಗಾಡಿ ತೆಗೆದ. ಈಶ್ವರಯ್ಯ ಅಂಗಡಿಯನ್ನು ಬಾಗಿಲು ತೆರೆದಂತೆಯೇ ಬಿಟ್ಟು ಡ್ರೈವರನ ಪಕ್ಕ ನೇತುಬಿದ್ದ. ಹಿಂದೆ ತಾಯಿ ಮಗಳು, ಶಿವಗಂಗಮ್ಮನ ಮಡಿಲಲ್ಲಿ ಮಗು. ಪಟ್ಟಣದ ದಾರಿಯ ಡಾಂಬರು ಬಿಸಿಲಿಗೆ ಹೊಳೆಯುತ್ತಿತ್ತು. ಆಟೋದ ಎರಡೂ ಕಡೆಯಿಂದ ಬಿಸಿಗಾಳಿ ನುಗ್ಗುತ್ತಿತ್ತು. ಇಷ್ಟಾದರೂ ಶಿವಗಂಗಮ್ಮ ಏನು ಮಾಡುತ್ತಿದ್ದಳು ಅಂತೀರಿ? ಶಾಲಿನ ಅಂಚನ್ನು ಮಗುವಿನ ಮುಖದ ಮೇಲೆ ಎಳೆದು, ತನ್ನ ಸೆರಗನ್ನೂ ಅದರ ಮೇಲೆ ಹೊದಿಸಿ, ಗಾಳಿ ಬಡಿಯದಂತೆ ಬೆನ್ನು ಬಗ್ಗಿಸಿ ಕೂತಿದ್ದಳು.

ಮಾನ್ಯ ಶಾಲಿನ ಗಂಟಿಗೆ ಕೈ ಹಾಕಿದಳು.

"ಬ್ಯಾಡ ಕಣೆ! ಗಾಳಿ ಒಡೀತಾ ಐತೆ! ಇನ್ನೊಸಿ ದೂರ, ಆಸ್ಪತ್ರೆಗೋಗಿ ಬಿಚ್ಚಾನ!"

"ಬುಡವ್ವ."

"ಮಗಾ, ನನ್ ಮಾತು ಕೇಳೇ..."

"ಕೈ ತೆಗಿ ಅಂದೆ!"

ಮಗಳು ಹುಟ್ಟಿದಾಗಿನಿಂದ ಆ ದನಿಯಲ್ಲಿ ಮಾತಾಡಿದ್ದನ್ನು ಶಿವಗಂಗಮ್ಮ ಕೇಳಿರಲಿಲ್ಲ. ಕೈ ತಾನಾಗಿ ಸಡಿಲವಾಯಿತು. ಮಾನ್ಯ ಮಗುವನ್ನು ಕಿತ್ತುಕೊಂಡಳು. ಗಂಟು ಬಿಚ್ಚಲು ಬರದೆ ಹಲ್ಲಿನಿಂದ ಕಚ್ಚಿ ಎಳೆದಳು. ಶಾಲು ಹೋಯಿತು, ಬಟ್ಟೆ ಹೋಯಿತು, ಸ್ವೆಟರು ಹೋಯಿತು. ಕೆಂಪಡರಿದ, ಬೊಬ್ಬೆ ಬೊಬ್ಬೆ ಎದ್ದ ಪುಟ್ಟ ಮೈ ಬರಿದಾಗಿ ಅವಳ ತೋಳಲ್ಲಿ ಜೋತುಬಿತ್ತು. ಶಿವಕುಮಾರ ಹಿಂತಿರುಗಿ ನೋಡದೆ ತನ್ನ ನೀರಿನ ಬಾಟಲಿ ಹಿಂದಕ್ಕೆ ಚಾಚಿದ. ಮಾನ್ಯ ಸೆರಗು ಒದ್ದೆ ಮಾಡಿ ಮಗುವಿನ ಎದೆ, ಕಂಕುಳು, ತೊಡೆ ಒರೆಸತೊಡಗಿದಳು. ಒದ್ದೆ ಮೈಯ ಮೇಲೆ ಗಾಳಿ ಬೀಸುವುದನ್ನು ಕಣ್ಣೆದುರು ನೋಡುತ್ತ ಶಿವಗಂಗಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮಗು ಈ ಗಾಳಿಗೆ ಸಾಯುತ್ತದೋ, ತಾನು ಸುತ್ತಿದ ಬಟ್ಟೆಗೆ ಆಗಲೇ ಸತ್ತಿದೆಯೋ, ಯಾವುದಕ್ಕೆ ಹೆದರಬೇಕು ಅಂತಲೇ ಅವಳಿಗೆ ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರಮ್ಮ ಮಗುವನ್ನು ಮೇಜಿನ ಮೇಲೆ ಮಲಗಿಸಿ, ಕಾಲಿಗೆ ಸೂಜಿ ಚುಚ್ಚಿ, ನರ ಸಿಗದೆ ಮತ್ತೆ ಚುಚ್ಚಿ, ಅಂತೂ ಡ್ರಿಪ್ಪು ಹಾಕಿದರು. ಮಗು ಅಳಲಿಲ್ಲ. ಸೂಜಿಗೂ ಅಳದ ಕೂಸನ್ನು ನೋಡಿ ಈಶ್ವರಯ್ಯ ಗೋಡೆಗೆ ಮುಖ ಮಾಡಿ ನಿಂತ. ಡಾಕ್ಟರಮ್ಮನ ಕಣ್ಣು ಶಿವಗಂಗಮ್ಮ ಹೊಟ್ಟೆಗೆ ಅವುಚಿ ಹಿಡಿದಿದ್ದ ಬಟ್ಟೆಯ ಗಂಟಿನ ಮೇಲೆ ಬಿತ್ತು.

"ಸ್ವೆಟರು, ಟೋಪಿ, ಎರಡೆರಡು ಶಾಲು! ಈ ಬಿಸಿಲಲ್ಲಿ ನಿಮ್ಮನ್ನ ಹೀಗೆ ಸುತ್ತಿ ಮಲಗಿಸಿದ್ರೆ ಇರ್ತೀರೇನ್ರಿ? ಮೈಯಲ್ಲಿ ನೀರೇ ಇಲ್ಲ ಮಗೂಗೆ. ಯಾರು ಮಾಡಿದ್ದು ಇದನ್ನ?"

ಶಿವಗಂಗಮ್ಮ ಬಟ್ಟೆಯ ಗಂಟನ್ನು ಸೆರಗಿನ ಮರೆಗೆ ಎಳೆದುಕೊಂಡಳು.

"ನಾನೇ ಮೇಡಂ," ಅಂದಳು ಮಾನ್ಯ. "ಗೊತ್ತಾಗ್ಲಿಲ್ಲ."

ಆಮೇಲೆ ಬಿದ್ದ ಬೈಗುಳವೆಲ್ಲ ಮಾನ್ಯಳಿಗೆ. ಓದಿದವಳಲ್ಲವೇನಮ್ಮ, ತಾಯಿಯಾದವಳಿಗೆ ಅಷ್ಟೂ ಗೊತ್ತಾಗಬಾರದೇ, ನೀನೂ ಒಣಗಿ ಕಡ್ಡಿಯಾಗಿದ್ದೀಯ, ಹಾಲೆಲ್ಲಿಂದ ಬರಬೇಕು. ಅವಳು ತಲೆ ತಗ್ಗಿಸಿ ಎಲ್ಲಕ್ಕೂ ಹೂಂ ಅಂದಳು. ಶಿವಗಂಗಮ್ಮ ಪಕ್ಕದಲ್ಲೇ ನಿಂತು ಕೇಳಿದಳು. ನಾನು ಮಾಡಿದ್ದು ಅಂತ ಹೇಳುವುದಕ್ಕೆ ಒಂದು ಮಾತು ಸಾಕಿತ್ತು, ಅದನ್ನು ಅವಳು ಆಡಲಿಲ್ಲ. ಹಾಗೆ ಹೇಳಿದರೆ ಡಾಕ್ಟರಮ್ಮ ಏನನ್ನುತ್ತಾರೋ ಅನ್ನುವ ಭಯಕ್ಕಿಂತ, ಹೇಳಿದ ಕೂಡಲೇ ಅದು ನಿಜವಾಗಿಬಿಡುತ್ತದೆ ಅನ್ನುವ ಭಯ ದೊಡ್ಡದಾಗಿತ್ತು.

ಹೊರಗೆ ಬೆಂಚಿನ ಮೇಲೆ ಕೂತಳು. ತಾನು ಸುತ್ತಿದ ಮಕ್ಕಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಬೇಸಿಗೆಯಲ್ಲಿ ಹುಟ್ಟಿದವೂ ಇದ್ದವಲ್ಲ, ಅವಕ್ಕೆ ಯಾಕೆ ಏನೂ ಆಗಲಿಲ್ಲ? ಆಗ ಹೆಂಚಿನ ಮನೆ, ಸಂದಿಸಂದಿಯಿಂದ ಗಾಳಿ ಆಡುತ್ತಿತ್ತು. ಆಗಿನ ಬಿಸಿಲೂ ಇಂಥದಲ್ಲ. ಯೋಚಿಸಿದರೆ ಎಲ್ಲ ತಿಳಿಯುವಂಥದೇ. ಆದರೆ ಆ ತಿಳಿವಳಿಕೆ ತೆಗೆದುಕೊಂಡು ಈಗ ಏನು ಮಾಡುವುದು? ಒಳಗಿನಿಂದ ನರ್ಸು ಬಂದಾಗಲೆಲ್ಲ ಶಿವಗಂಗಮ್ಮ ಬೆಂಚಿನಿಂದ ಅರ್ಧ ಏಳುತ್ತಿದ್ದಳು. ನರ್ಸು ಹತ್ತಿ ಹುಡುಕಲು ಬಂದಿರುತ್ತಿದ್ದಳು, ಇಲ್ಲವೇ ಫೋನಿನಲ್ಲಿ ಯಾರೊಂದಿಗೋ ಮಾತಾಡಲು. ಶಿವನೇ, ನನ್ನ ತೆಗೆದುಕೋ, ಅದನ್ನು ಬಿಡು ಅಂತ ಶಿವಗಂಗಮ್ಮ ಕುತ್ತಿಗೆಯ ಲಿಂಗದ ಕರಡಿಗೆ ಹಿಡಿದು ಬೇಡಿಕೊಂಡಳು. ತನ್ನಂಥ ಮುದುಕಿಯನ್ನು ತೆಗೆದುಕೊಂಡು ಅವನಿಗೇನಾಗಬೇಕು ಅಂತಲೂ ಅನ್ನಿಸಿತು.

ಬಿಸಿಲು ಇಳಿಯುವ ಹೊತ್ತಿಗೆ ಒಳಗೆ ಮಗು ಅತ್ತಿತು. ಬೆಕ್ಕಿನ ಮರಿಯಷ್ಟು ಸಣ್ಣ ದನಿ.

"ತಾಯಿ ಬನ್ನಿ, ಹಾಲು ಕುಡಿಸ್ಬೇಕು," ಅಂತ ನರ್ಸು ಕರೆದಳು. ಮಾನ್ಯ ಓಡಿದಳು. ಶಿವಗಂಗಮ್ಮನೂ ಎದ್ದು ನಿಂತಿದ್ದಳು. ಕರೆದದ್ದು ತನ್ನನ್ನಲ್ಲ ಅಂತ ತಿಳಿದು ಮತ್ತೆ ಕೂತಳು. ಕೂತು ಅಳತೊಡಗಿದಳು.

ರಕ್ತದ ಪರೀಕ್ಷೆಯಲ್ಲಿ ಬೇರೆ ಕಾಯಿಲೆ ಏನೂ ಇಲ್ಲ ಅಂತ ಬಂತು. ಮಗು ಉಚ್ಚೆ ಹೊಯ್ದಿತು, ಹಾಲು ಹಿಡಿಯಿತು, ಕಣ್ಣು ಬಿಟ್ಟಿತು. ಚಂದ್ರಮೌಳಿ ಅರಕಲಗೂಡಿನಿಂದ ಬಂದು ಎರಡು ದಿನ ಆಸ್ಪತ್ರೆಯಲ್ಲೇ ಇದ್ದ, ಅತ್ತೆಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿರುತ್ತಿತ್ತು.

ಮನೆಗೆ ಬರುವಷ್ಟರಲ್ಲಿ ಈಶ್ವರಯ್ಯ ಅಂಗಡಿ ಮುಚ್ಚಿ, ಶಿವಕುಮಾರನನ್ನು ಕಟ್ಟಿಕೊಂಡು, ಮನೆಯ ಅವತಾರವನ್ನೇ ಬದಲಿಸಿದ್ದ. ತಾರಸಿಯ ಮೇಲೆ ದಪ್ಪಗೆ ತೆಂಗಿನ ಗರಿ ಹಾಸಿ ನೀರು ಹೊಡೆದಿದ್ದರು. ಪಡುವಣ ಗೋಡೆಗೆ ಒದ್ದೆ ಗೋಣಿಚೀಲ ಇಳಿಬಿಟ್ಟಿದ್ದರು. ಬಾಣಂತಿ ಮಂಚ ಮೂಡಲ ಕಡೆಯ ಪಡಸಾಲೆಗೆ ಬಂದಿತ್ತು, ಹೊರಗೆ ಹೊಂಗೆ ಮರದ ನೆರಳು ಅಲ್ಲಿಯವರೆಗೂ ಬೀಳುತ್ತಿತ್ತು. ಮಂಚದ ಪಕ್ಕ ಮಡಕೆ ತುಂಬ ನೀರು. ಈಶ್ವರಯ್ಯ ಈ ಸಲ ಹೆಂಡತಿಯನ್ನು ಒಂದು ಮಾತು ಕೇಳಿರಲಿಲ್ಲ.

ಶಿವಗಂಗಮ್ಮ ಎಲ್ಲಕ್ಕೂ ತಲೆಯಾಡಿಸಿದಳು. ಸಾರು ಮಾಡುವಳು, ಬಟ್ಟೆ ಒಗೆಯುವಳು, ಗೋಣಿಚೀಲಕ್ಕೆ ನೀರು ಚಿಮುಕಿಸುವಳು. ಮಾನ್ಯ ಮಡಕೆಯಿಂದ ನೀರು ಬಗ್ಗಿಸಿ ಗಟಗಟ ಕುಡಿದಾಗ ಮಾತ್ರ ಮುಖ ಆ ಕಡೆ ತಿರುಗಿಸುವಳು. ಅಕ್ಕನ ಭಯ ಎಲ್ಲಿಗೂ ಹೋಗಿರಲಿಲ್ಲ, ಅದರ ಪಕ್ಕದಲ್ಲಿ ಈಗ ಇನ್ನೊಂದು ಬಂದು ಕೂತಿತ್ತು. ನೋಡಲು ಬಂದ ಹೆಂಗಸರು, "ಶಿವಗಂಗಮ್ಮಕ್ಕನ ಬಾಣ್ತನ ಅಂದ್ರೆ ಕೇಳ್ಬೇಕಾ, ಮಗು ಉಳ್ಕತು," ಅಂದಾಗ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಮಗುವನ್ನು ಮಾತ್ರ ಅವಳು ಮುಟ್ಟಿರಲಿಲ್ಲ. ಎತ್ತಿಕೋ ಅಂತ ಯಾರೂ ಹೇಳಲೂ ಇಲ್ಲ.

ಒಂದು ಮಧ್ಯಾಹ್ನ ಮನೆಯಲ್ಲಿ ತಾಯಿ ಮಗಳು ಇಬ್ಬರೇ ಇದ್ದರು. ಮಾನ್ಯಳಿಗೆ ಊಟಕ್ಕೆ ಬಡಿಸಿಟ್ಟಾಗಿತ್ತು. ಮಗು ಕೆಳಗೆ ಹಾಕಿದರೆ ಅಳುತ್ತಿತ್ತು.

"ಅವ್ವಾ, ಒಸಿ ಇಟ್ಕೊ. ಉಣ್ತೀನಿ."

ಶಿವಗಂಗಮ್ಮ ಬಾಗಿಲ ಹತ್ತಿರವೇ ನಿಂತಳು. "ನಿಮ್ಮಪ್ಪ ಬರ್ಲಿ ತಡಿ ಮಗಾ."

"ಅಪ್ಪ ಬರೋದು ಒತ್ತಾಯ್ತದೆ. ಬಾ, ಕೂತ್ಕೊ."

"ಬ್ಯಾಡ ಕಣೆ. ನಂಗೆ ಭಯ ಆಯ್ತದೆ."

ಮಾನ್ಯ ಮಂಚದ ಅಂಚಿನ ಬಟ್ಟೆ ಸರಿಸಿ ಜಾಗ ಮಾಡಿದಳು. "ನಂಗೂ ಆಯ್ತದೆ," ಅಂದಳು. "ಕೂತ್ಕೊ."

ಶಿವಗಂಗಮ್ಮ ಮಂಚದ ಅಂಚಿಗೆ ಕೂತಳು. ತೆಳ್ಳನೆ ಹತ್ತಿಬಟ್ಟೆಯಷ್ಟೇ ಮೈಮೇಲಿದ್ದ ಮಗುವನ್ನು ಮಾನ್ಯ ಅವಳ ಮಡಿಲಿಗೆ ಇಳಿಸಿದಳು. ಮಗು ಕೈಕಾಲು ಆಡಿಸಿ ಸುಮ್ಮನಾಯಿತು. ಮಾನ್ಯ ಪಕ್ಕದಲ್ಲೇ ಕೂತು ತಟ್ಟೆ ಹತ್ತಿರ ಎಳೆದುಕೊಂಡಳು. ಬಲಗೈಯಲ್ಲಿ ಉಂಡಳು. ಎಡಗೈಯನ್ನು ಮಾತ್ರ ಮಗುವಿನ ಬೆನ್ನಡಿಯಿಂದ ತೆಗೆಯಲಿಲ್ಲ. ಶಿವಗಂಗಮ್ಮನಿಗೆ ಅದು ಗೊತ್ತಾಯಿತು. ಕಣ್ಣು ತುಂಬಿ ಬಂತು. ಆ ಕೈ ಅಲ್ಲೇ ಇರಲಿ, ತೆಗೆಯದಿರಲಿ ಅಂತ ಅವಳೂ ಮನಸ್ಸಿನಲ್ಲಿ ಬೇಡಿಕೊಳ್ಳುತ್ತ ಅಲುಗದೆ ಕೂತಳು.